ಎರಡನೇ ಹಾರ್ಡ್ ಡಿಸ್ಕ್ ಭಂಗಾರ್‌ಗೆ ಹೋಗುವ ಮುನ್ನ

ಮುಂಬಯಿಯ ಕನ್ನಡ ಸಂಘಗಳ ಕಾರ್ಯದರ್ಶಿಗಳಿಗೆ, ಸಂಘಗಳ ಪತ್ರಿಕೆಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ



ನಿಮ್ಮ ಸಂಘದ ಮಾಸಪತ್ರಿಕೆಗೆ ಪುಟ ಕಟ್ಟುವವರು, ವಿಶೇಷಾಂಕ ಬಂತೆಂದರೆ ಕೊನೆಯ ಲೋಕಲ್ ಹಿಡಿದು ಮನೆ ಸೇರುವವರು ಇದ್ದಾರಲ್ಲ, ಅವರಲ್ಲಿ ನಾನೂ ಒಬ್ಬ. ಕಂಪ್ಯೂಟರ್ ಕೆಟ್ಟಾಗ ಪೆಟ್ಟಿಗೆ ಬಿಚ್ಚಿ ನೋಡುವ ಕೆಲಸವೂ ನಮ್ಮ ತಲೆಗೇ ಬರುತ್ತದೆ. ಆ ಸಲಿಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೆ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಎಲ್ಲರಿಗೂ ಕೇಳುವ ಹಾಗೆ ಬರೆಯುತ್ತಿದ್ದೇನೆ.

ಈಚೆಗೆ ಒಂದು ಸಂಘದಲ್ಲಿ ಸ್ಮರಣ ಸಂಚಿಕೆಯ ತಯಾರಿ ನಡೆದಿತ್ತು. ಹಳೆಯ ಸಂಚಿಕೆಗಳ ಲೇಖನ, ಫೋಟೋ ಬೇಕಾಗಿದ್ದವು. ಕಪಾಟಿನ ಕೆಳಗಿನ ಅರೆಯಲ್ಲಿ, ರಸೀದಿ ಪುಸ್ತಕಗಳ ಕಟ್ಟಿನ ಹಿಂದೆ, ಮೊದಲಿನ ಕಂಪ್ಯೂಟರಿನಿಂದ ಕಳಚಿಟ್ಟಿದ್ದ ಹಾರ್ಡ್ ಡಿಸ್ಕ್ ಸಿಕ್ಕಿತು. ಪರಿಚಯದ ಹುಡುಗನೊಬ್ಬ ಬಂದು ಅದನ್ನು ಕಚೇರಿಯ ಕಂಪ್ಯೂಟರಿಗೆ ಎರಡನೆಯದಾಗಿ ಜೋಡಿಸಿದ. ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿತು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಮೂಡಿತು, ಅಲ್ಲಿಗೇ ನಿಂತಿತು. ಅರ್ಧ ಗಂಟೆ ಒದ್ದಾಡಿ ಅವನು ಕೈಚೆಲ್ಲಿದ. ಡಿಸ್ಕ್ ಹೋಗಿದೆ, ಕಂಪ್ಯೂಟರೂ ಹೋದ ಹಾಗಿದೆ ಎಂದ. ಮುಂದಿನ ಸಭೆಯಲ್ಲಿ ಹೊಸ ಕಂಪ್ಯೂಟರಿಗೆ ಮಂಜೂರಾತಿ ಸಿಕ್ಕಿತು. ಹಳೆಯದು ಡಿಸ್ಕ್ ಸಮೇತ ಗುಜರಿ ಕೊಳ್ಳುವ ಭಂಗಾರ್‌ವಾಲನ ಕೈಗಾಡಿ ಸೇರಿತು. ವಿಷಯ ನನಗೆ ತಿಳಿಯುವ ಹೊತ್ತಿಗೆ ಗಾಡಿ ಯಾವ ಗಲ್ಲಿಗೆ ಹೋಯಿತೆಂದು ಹೇಳುವವರೂ ಇರಲಿಲ್ಲ.

ಯಾವ ಸಂಘ ಎಂದು ಕೇಳಬೇಡಿ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ಪುಕ್ಕಟೆ ಬಂದು ಕೈಲಾದದ್ದು ಮಾಡಿದ. ನನಗೆ ಸಂಕಟವಾದದ್ದು ಆ ಎರಡು ತೀರ್ಮಾನಗಳು ಅಷ್ಟು ಸಲೀಸಾಗಿ ಒಂದರ ಹಿಂದೆ ಒಂದು ಬಂದುಬಿಟ್ಟದ್ದಕ್ಕೆ. ಎರಡನೇ ಡಿಸ್ಕ್ ಹಾಕಿದಾಗ ಕಂಪ್ಯೂಟರ್ ಏಳುವುದಿಲ್ಲ ಎಂಬುದರಿಂದ ಕಂಪ್ಯೂಟರ್ ಕೆಟ್ಟಿದೆ ಎಂದೂ ಗೊತ್ತಾಗುವುದಿಲ್ಲ, ಡಿಸ್ಕಿನೊಳಗಿನದು ಅಳಿದಿದೆ ಎಂದೂ ಗೊತ್ತಾಗುವುದಿಲ್ಲ. ಅದು ಬರೀ ಒಂದು ಲಕ್ಷಣ. ಲಕ್ಷಣ ನೋಡಿಯೇ ಎರಡನ್ನೂ ಎಸೆದದ್ದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು.

ಆ ಡಿಸ್ಕುಗಳಲ್ಲಿ ಏನಿರುತ್ತದೆ ಎಂಬುದನ್ನು ಮೊದಲು ನೆನೆಯೋಣ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ 1939ರಲ್ಲಿ. ‘ಮೊಗವೀರ’, ‘ನೇಸರು’, ‘ಸ್ನೇಹಸಂಬಂಧ’, ‘ಅಕ್ಷಯ’, ‘ಬಂಟರವಾಣಿ’ ಹೀಗೆ ಸಂಘಕ್ಕೊಂದು ಪತ್ರಿಕೆ ಬೆಳೆಸಿಕೊಂಡ ಊರು ಇದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಪಾಸಾದವರ ಹೆಸರು ಇರುವುದು ಇಂಥ ಪತ್ರಿಕೆಗಳಲ್ಲಿ. ಕೋಟೆ ಪ್ರದೇಶದ ರಾತ್ರಿ ಶಾಲೆಗಳ ನೆನಪು, ಊರಿನಿಂದ ಬಂದ ಯಕ್ಷಗಾನ ಮೇಳದ ಸುದ್ದಿ, ಗೃಹಿಣಿಯೊಬ್ಬರ ಮೊದಲ ಕತೆ, ಮಿಲ್ಲು ಮುಚ್ಚಿದ ಮೇಲೆ ಊರಿಗೆ ಮರಳಿದವರ ವಿಚಾರ, ಶ್ರದ್ಧಾಂಜಲಿ, ಮದುವೆಯ ವಿವರ ಎಲ್ಲ ಅಲ್ಲೇ. ನಾಳೆ ಯಾರಾದರೂ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನ ಕನ್ನಡ ವಿಭಾಗದಲ್ಲಿ ಕೂತು ಮುಂಬಯಿ ಕನ್ನಡಿಗರ ಬದುಕಿನ ಬಗ್ಗೆ ಸಂಶೋಧನೆ ಮಾಡಬೇಕೆಂದರೆ ದೊಡ್ಡ ದಿನಪತ್ರಿಕೆಗಳಲ್ಲಿ ಸಿಗದದ್ದು ಇಲ್ಲಿ ಸಿಗುತ್ತದೆ. ಅಚ್ಚಾದ ಪ್ರತಿ ಇದೆಯಲ್ಲ ಎನ್ನಬಹುದು. ಮುಂಬಯಿಯ ನಾಲ್ಕು ತಿಂಗಳ ಮಳೆಗಾಲ, ಗೆದ್ದಲು, ಕಚೇರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗುವಾಗ ಆಗುವ ನಷ್ಟ, ಈ ಮೂರನ್ನೂ ದಾಟಿ ಪೂರ್ತಿ ಉಳಿದ ಕಡತ ಎಷ್ಟು ಸಂಘಗಳಲ್ಲಿದೆ ಎಂದು ಕಪಾಟು ತೆಗೆದು ನೋಡಿ. ಅದೂ ಅಲ್ಲದೆ ಅಚ್ಚಿನಲ್ಲಿ ಬೆರಳುಗುರುತಿನಷ್ಟು ಬಂದ ಫೋಟೋದ ಪೂರ್ಣ ಪ್ರತಿ ಡಿಸ್ಕಿನಲ್ಲಿ ಮಾತ್ರ ಇರುತ್ತದೆ.

ಈಗ ಆ ಬಿಳಿ ಅಕ್ಷರದ ಸಾಲಿಗೆ ಬರುತ್ತೇನೆ. ಇದು ಯಂತ್ರದವರ ವಿಷಯ, ನಮಗೇಕೆ ಎಂದು ದಯವಿಟ್ಟು ಪುಟ ತಿರುಗಿಸಬೇಡಿ. ಕಾರ್ಯದರ್ಶಿಗಳಿಗೆ ಇಷ್ಟು ತಿಳಿದಿದ್ದರೆ ರಿಪೇರಿಯವರಿಗೆ ಸರಿಯಾದ ಪ್ರಶ್ನೆ ಕೇಳಬಹುದು.

ಸ್ವಿಚ್ ಒತ್ತಿದ ಕೂಡಲೇ ವಿಂಡೋಸ್ ಬರುವುದಿಲ್ಲ. ಮೊದಲು ಏಳುವುದು ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿರುವ ಬಯಾಸ್ ಎಂಬ ಚಿಕ್ಕ ಪ್ರೋಗ್ರಾಂ. ಹಳೆಯ ಮಾದರಿಯ ಕಂಪ್ಯೂಟರುಗಳಲ್ಲಿ ಅದು ಮೆಮೊರಿ, ಕೀಬೋರ್ಡ್, ಡಿಸ್ಕುಗಳು ಇವೆಯೇ ಎಂದು ನೋಡಿಕೊಂಡು, ತನ್ನ ಪಟ್ಟಿಯಲ್ಲಿ ಮೊದಲು ನಿಂತಿರುವ ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು ಓದುತ್ತದೆ. ಅದು 512 ಬೈಟುಗಳ ತುಣುಕು. ಅದರ ಕೊನೆಯ ಎರಡು ಬೈಟುಗಳಲ್ಲಿ ನಿಗದಿಯಾದ ಒಂದು ಗುರುತು ಇದ್ದರೆ ಬಯಾಸ್ ಅದನ್ನು ನಂಬಿ, ಅಲ್ಲಿರುವ ಸೂಚನೆಗಳಿಗೆ ಕೆಲಸ ವಹಿಸಿಕೊಡುತ್ತದೆ. ತೊಡಕು ಇರುವುದು ಇಲ್ಲೇ. ಬರೀ ಫೈಲು ತುಂಬಿಟ್ಟ ಡಿಸ್ಕಿನಲ್ಲೂ ಆ ಗುರುತು ಇರುತ್ತದೆ. ನೀವು ಹೊಸದಾಗಿ ಜೋಡಿಸಿದ ಡಿಸ್ಕ್ ಯಾವುದೋ ಕಾರಣಕ್ಕೆ ಪಟ್ಟಿಯಲ್ಲಿ ಮೊದಲು ಬಂದುಬಿಟ್ಟರೆ ಬಯಾಸ್ ಅದನ್ನೇ ಹಿಡಿಯುತ್ತದೆ, ಅಲ್ಲಿ ವಿಂಡೋಸ್ ಇಲ್ಲ, ಕೆಲಸ ನಿಲ್ಲುತ್ತದೆ. ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’, ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’, ‘ಡಿಸ್ಕ್ ಬೂಟ್ ಫೇಲ್ಯೂರ್’, ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದು ಪರದೆಯ ಮೇಲೆ ಬರುವ ಸಾಲುಗಳಿಗೆ ಬಹುಮಟ್ಟಿಗೆ ಅರ್ಥ ಇದೇ. ತಾನು ನೋಡಿದ ಜಾಗದಲ್ಲಿ ವಿಂಡೋಸ್ ಸಿಗಲಿಲ್ಲ ಎಂದು ಕಂಪ್ಯೂಟರ್ ಹೇಳುತ್ತಿದೆ. ಪಕ್ಕದ ಡಿಸ್ಕಿನಲ್ಲಿ ವಿಂಡೋಸ್ ಎಲ್ಲಿತ್ತೋ ಅಲ್ಲೇ ಸುರಕ್ಷಿತವಾಗಿರುತ್ತದೆ.

ಆದ್ದರಿಂದ ಮೊದಲ ಪರೀಕ್ಷೆಗೆ ಯಾವ ತಜ್ಞನೂ ಬೇಡ. ಸ್ವಿಚ್ ಆರಿಸಿ, ಪ್ಲಗ್ಗನ್ನು ಗೋಡೆಯಿಂದ ಕೀಳಿ, ಹೊಸದಾಗಿ ಹಾಕಿದ ಡಿಸ್ಕಿನ ಎರಡೂ ಕೇಬಲ್ ಕಳಚಿ, ಮತ್ತೆ ಚಾಲೂ ಮಾಡಿ. ವಿಂಡೋಸ್ ಬಂತೇ? ಹಾಗಾದರೆ ಕಂಪ್ಯೂಟರ್ ಸರಿ ಇದೆ. ಹೊಸ ಕಂಪ್ಯೂಟರಿನ ಮಂಜೂರಾತಿಯ ಮಾತು ಅಲ್ಲಿಗೇ ನಿಲ್ಲಲಿ. ಬರಲಿಲ್ಲವೇ? ಪೆಟ್ಟಿಗೆ ಬಿಚ್ಚುವಾಗ ಯಾವುದೋ ವಯರು ಸಡಿಲವಾಗಿರಬಹುದು, ಮೊದಲ ಡಿಸ್ಕಿನ ಕೇಬಲ್ಲೇ ಜಾರಿರಬಹುದು. ಮುಂಬಯಿಯ ತೇವ, ಉಪ್ಪುಗಾಳಿಗೆ ರ‍್ಯಾಮಿನ ತುದಿಯ ಹೊಂಬಣ್ಣದ ಪಟ್ಟಿಗಳು ಮಂಕಾಗುತ್ತವೆ. ಅದನ್ನು ತೆಗೆದು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವಂತೆ ಕೂರಿಸುವುದು ಇಲ್ಲಿನ ರಿಪೇರಿಯವರೆಲ್ಲ ಮೊದಲು ಮಾಡುವ ಕೆಲಸ. ಸತ್ತಿತು ಎಂದುಕೊಂಡ ಯಂತ್ರ ಎಷ್ಟೋ ಸಲ ಅಷ್ಟರಿಂದಲೇ ಎದ್ದುಬಿಡುತ್ತದೆ.

ಎರಡನೇ ಡಿಸ್ಕ್ ಮತ್ತೆ ಜೋಡಿಸಿದ ಮೇಲೆ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಬಯಾಸ್ ಒಳಗೆ ಹೋಗಬೇಕು. ನೋಡಬೇಕಾದದ್ದು ಎರಡು ಸಂಗತಿ. ಆ ಡಿಸ್ಕಿನ ಹೆಸರು ಅಲ್ಲಿ ಕಾಣುತ್ತಿದೆಯೇ? ಕಂಡರೆ, ಸರದಿಯಲ್ಲಿ ಅದು ಎಷ್ಟನೆಯದು? ಇಲ್ಲಿ ಅನುಭವಸ್ಥರೂ ಎಡವುವ ಜಾಗ ಒಂದಿದೆ. ಬಹಳಷ್ಟು ಬಯಾಸ್‌ಗಳಲ್ಲಿ ಪಟ್ಟಿ ಒಂದಲ್ಲ, ಎರಡು. ಸಿಡಿ, ಪೆನ್ ಡ್ರೈವ್, ಹಾರ್ಡ್ ಡಿಸ್ಕ್ ಇವುಗಳಲ್ಲಿ ಯಾವುದು ಮೊದಲು ಎಂಬುದು ಒಂದು ಪಟ್ಟಿ. ಹಾರ್ಡ್ ಡಿಸ್ಕುಗಳೊಳಗೇ ಯಾವುದು ಮೊದಲು ಎಂಬುದು ಬೇರೆ ಪುಟದಲ್ಲಿರುವ ಇನ್ನೊಂದು ಪಟ್ಟಿ. ಮೊದಲನೆಯದನ್ನು ಸರಿಮಾಡಿ, ಎರಡನೆಯದು ಇದೆಯೆಂದೇ ಗೊತ್ತಿಲ್ಲದೆ, ‘ಎಲ್ಲ ಮಾಡಿ ನೋಡಿದೆ’ ಎನ್ನುವವರು ಹಲವರು.

ಸಂಘದ ಕಚೇರಿಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ನಮ್ಮ ಕಚೇರಿಗಳು ವಾರದಲ್ಲಿ ಒಂದೆರಡು ಸಂಜೆ ತೆರೆಯುತ್ತವೆ, ಹೋಗುವಾಗ ಮೇನ್ ಸ್ವಿಚ್ ಆರಿಸುತ್ತೇವೆ. ಅದು ಒಳ್ಳೆಯ ಅಭ್ಯಾಸವೇ. ಆದರೆ ಕರೆಂಟ್ ಇಲ್ಲದ ಅಷ್ಟೂ ಹೊತ್ತು ಬಯಾಸ್‌ನ ನೆನಪನ್ನು ಹಿಡಿದಿಡುವುದು ಮದರ್‌ಬೋರ್ಡಿನ ಮೇಲಿನ ಒಂದು ರೂಪಾಯಿ ನಾಣ್ಯದಷ್ಟಗಲದ ಬ್ಯಾಟರಿ. ಹೆಸರು ಸಿಆರ್ 2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದು ಸೋತಾಗ ಕಂಪ್ಯೂಟರ್ ತಾರೀಖನ್ನೂ ಮರೆಯುತ್ತದೆ, ಡಿಸ್ಕುಗಳ ಸರದಿಯನ್ನೂ ಮರೆತು ಕಾರ್ಖಾನೆಯ ಲೆಕ್ಕಕ್ಕೆ ಹಿಂದಿರುಗುತ್ತದೆ. ನಿನ್ನೆ ಸರಿಮಾಡಿಟ್ಟದ್ದು ಮುಂದಿನ ಶನಿವಾರ ಮತ್ತೆ ಕೆಟ್ಟಿತು ಎಂಬ ದೂರು ಬಂದರೆ ನಾನು ಮೊದಲು ಪರದೆಯ ಮೂಲೆಯ ತಾರೀಖು ನೋಡುತ್ತೇನೆ.

ಹಳೆಯ ಡಿಸ್ಕಿನಲ್ಲಿ ಫೈಲುಗಳ ಜೊತೆ ಹಳೆಯ ವಿಂಡೋಸ್ ಎಕ್ಸ್‌ಪಿಯೂ ಇದ್ದರೆ ಇನ್ನೊಂದು ಬಗೆಯ ಗಾಬರಿ ಕಾದಿರುತ್ತದೆ. ಸರದಿಯಲ್ಲಿ ಅದು ಮೊದಲಾದರೆ ಹೊಸ ಕಂಪ್ಯೂಟರಿನಲ್ಲಿ ಎಕ್ಸ್‌ಪಿಯ ಚಿತ್ರ ಕ್ಷಣ ಹೊತ್ತು ಮೂಡಿ, ನೀಲಿ ಪರದೆ ಬಂದು, ಯಂತ್ರ ತಾನಾಗಿ ಆರಿ, ಮತ್ತೆ ಅದೇ ಸುತ್ತು. ಹಳೆಯ ಎಕ್ಸ್‌ಪಿಗೆ ಹೊಸ ಮದರ್‌ಬೋರ್ಡಿನ ಪರಿಚಯವಿಲ್ಲ, ಅಷ್ಟೇ. ಆದರೆ ಇದನ್ನು ಮತ್ತೆ ಮತ್ತೆ ಆಗಲು ಬಿಡಬಾರದು. ಹಳೆಯ ಡಿಸ್ಕಿನಿಂದ ಏಳಲು ಯತ್ನಿಸಿದಷ್ಟು ಸಲವೂ ಅದರ ಮೇಲೆ ಏನಾದರೂ ಬರೆಯುವ ಸಂಭವವಿದೆ. ಹಳೆಯ ಡಿಸ್ಕನ್ನು ಓದಬೇಕು, ಅದರ ಮೇಲೆ ಏನನ್ನೂ ಬರೆಯಕೂಡದು. ಈ ಒಂದು ಮಾತನ್ನು ಕಚೇರಿಯ ಗೋಡೆಯ ಮೇಲೆ ಬರೆದು ಅಂಟಿಸಿದರೂ ಸಂತೋಷ.

ಬಯಾಸ್‌ನಲ್ಲಿ ಡಿಸ್ಕಿನ ಹೆಸರೇ ಕಾಣದಿದ್ದರೆ? ಸುಮಾರು 2005ಕ್ಕಿಂತ ಹಿಂದಿನ ಡಿಸ್ಕುಗಳು ಬಹುತೇಕ ಐಡಿಇ ಮಾದರಿಯವು. ಅಗಲವಾದ ಬೂದು ಪಟ್ಟಿಯಂಥ ಕೇಬಲ್, 40 ಪಿನ್ನಿನ ಸಾಕೆಟ್. ಒಂದೇ ಕೇಬಲ್ಲಿಗೆ ಎರಡು ಡಿಸ್ಕ್ ಹಾಕಬಹುದು, ಆದರೆ ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಎಂದು ಕೈಯಾರೆ ಹೇಳಿಕೊಡಬೇಕು. ಡಿಸ್ಕಿನ ಹಿಂಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಕೇಬಲ್ ಕೂರುವ ಉದ್ದದ ಸಾಕೆಟ್ಟಿಗೂ ನಾಲ್ಕು ದಪ್ಪ ಪಿನ್ನಿನ ಪವರ್ ಸಾಕೆಟ್ಟಿಗೂ ನಡುವೆ ಎರಡು ಸಾಲಿನಲ್ಲಿ ಸಣ್ಣ ಪಿನ್ನುಗಳಿರುತ್ತವೆ. ಅವುಗಳಲ್ಲಿ ಒಂದು ಜೋಡಿಯ ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡ ಪ್ಲಾಸ್ಟಿಕ್ ಟೋಪಿ ಕೂತಿರುತ್ತದೆ. ಅದೇ ಜಂಪರ್. ಯಾವ ಜೋಡಿಯ ಮೇಲೆ ಕೂತರೆ ಯಾವ ಪಾತ್ರ ಎಂಬ ಪುಟ್ಟ ನಕ್ಷೆ ಡಿಸ್ಕಿನ ಮೇಲಿನ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಒಂಟಿಯಾಗಿ ದುಡಿದ ಡಿಸ್ಕ್ ಸಾಮಾನ್ಯವಾಗಿ ಮಾಸ್ಟರ್ ಎಂದೇ ಕೂತಿರುತ್ತದೆ. ಅದನ್ನು ತಂದು ಇನ್ನೊಂದು ಮಾಸ್ಟರಿನ ಕೇಬಲ್ಲಿಗೆ ಸಿಕ್ಕಿಸಿದರೆ ಎರಡೂ ಕಾಣಿಸುವುದಿಲ್ಲ, ಇಲ್ಲವೇ ಯಂತ್ರ ಡಿಸ್ಕ್ ಹುಡುಕುತ್ತಲೇ ನಿಂತುಬಿಡುತ್ತದೆ. ವೆಸ್ಟರ್ನ್ ಡಿಜಿಟಲ್‌ನ ಹಲವು ಡಿಸ್ಕುಗಳಲ್ಲಂತೂ ಒಂಟಿಯಾಗಿದ್ದರೆ ಒಂದು ಕ್ರಮ, ಜೊತೆಗಾರ ಇದ್ದರೆ ಬೇರೆ ಕ್ರಮ. ಚಿಮುಟದಲ್ಲಿ ಆ ಟೋಪಿ ಎತ್ತಿ ಪಕ್ಕದ ಜೋಡಿಗೆ ಕೂರಿಸುವುದು ಅರ್ಧ ನಿಮಿಷದ ಕೆಲಸ. ಅಷ್ಟು ಮಾಡದೆ ಎಷ್ಟು ಡಿಸ್ಕುಗಳಿಗೆ ಎಳ್ಳುನೀರು ಬಿಟ್ಟಿದ್ದೇವೋ!

ಆಮೇಲೆ ಬಂದ ಸಾಟಾ ಡಿಸ್ಕುಗಳಲ್ಲಿ ಈ ರಗಳೆಯಿಲ್ಲ. ಒಂದು ತೆಳು ಕೇಬಲ್ಲಿಗೆ ಒಂದೇ ಡಿಸ್ಕ್. ಕೇಬಲ್ ಬದಲಿಸಿ, ಮದರ್‌ಬೋರ್ಡಿನ ಬೇರೆ ಸಾಕೆಟ್ಟಿಗೆ ಹಾಕಿ ನೋಡುವುದಷ್ಟೇ. ಹೊಸ ಬೋರ್ಡುಗಳಲ್ಲಿ ಎಂ.2 ಎಸ್‌ಎಸ್‌ಡಿ ಇದ್ದರೆ ಒಂದೆರಡು ಸಾಟಾ ಸಾಕೆಟ್ಟುಗಳು ಕೆಲಸ ಮಾಡದೇ ಇರಬಹುದು, ಆಗಲೂ ಪಕ್ಕದ ಸಾಕೆಟ್ಟೇ ದಾರಿ.

ಎಸ್‌ಎಂಪಿಎಸ್ ಎಂಬ, ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಪೆಟ್ಟಿಗೆಯ ವಿಚಾರ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ಯಾರೂ ಶಂಕಿಸುವುದಿಲ್ಲ. ಹಳೆಯ ಮೂರೂವರೆ ಇಂಚಿನ ಡಿಸ್ಕ್ ಒಂದು ಸಲ ತಿರುಗತೊಡಗಿದ ಮೇಲೆ ಹೆಚ್ಚು ಕರೆಂಟ್ ಕೇಳುವುದಿಲ್ಲ. ಆದರೆ ನಿಂತಲ್ಲಿಂದ ತಿರುಗಲು ಶುರುವಾಗುವ ಆ ಕೆಲವು ಸೆಕೆಂಡು 12 ವೋಲ್ಟಿನ ವಯರಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎರಡು ಡಿಸ್ಕ್ ಒಟ್ಟಿಗೇ ಎದ್ದರೆ ಅದರ ಎರಡರಷ್ಟು. ಹಲವು ವರ್ಷ ದುಡಿದ, ಅಗ್ಗದ ಕ್ಯಾಬಿನೆಟ್ಟಿನ ಜೊತೆಗೇ ಬಂದ ಎಸ್‌ಎಂಪಿಎಸ್ ಒಂದು ಡಿಸ್ಕಿಗೆ ಹೇಗೋ ಸಾಕಾಗುತ್ತಿತ್ತು. ಎರಡನೆಯದು ಸೇರಿದಾಗ ವೋಲ್ಟೇಜ್ ಕುಸಿಯುತ್ತದೆ. ಫ್ಯಾನ್ ತಿರುಗಿ ನಿಲ್ಲುವುದು, ಯಂತ್ರ ಎದ್ದೆದ್ದು ಬೀಳುವುದು, ಪರದೆ ಬರದೇ ಇರುವುದು ಇದರ ಲಕ್ಷಣಗಳು. ಮದರ್‌ಬೋರ್ಡಿನ ಮೇಲೆ ನಿಂತಿರುವ ಕೊಳವೆಯಂಥ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಅವು ಸೋತಿವೆ, ಎಸ್‌ಎಂಪಿಎಸ್ ಒಳಗಿನವೂ ಸೋತಿರಬಹುದು ಎಂದು ತಿಳಿಯಿರಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಬೇರೆ ಕಂಪ್ಯೂಟರಿನ ಒಳ್ಳೆಯ ಎಸ್‌ಎಂಪಿಎಸ್‌ನಿಂದ ಎರಡನೇ ಡಿಸ್ಕಿಗೆ ಪವರ್ ಕೊಟ್ಟು ನೋಡಿದರೆ ಸಂಶಯ ತೀರುತ್ತದೆ.

ಡಿಸ್ಕಿಗೆ ಕಿವಿಗೊಡಿ. ಸುಯ್ಯೆಂದು ಒಂದೇ ಸಮ ತಿರುಗಿದರೆ ಆಸೆ ಇದೆ. ಟಿಕ್, ಟಿಕ್, ಟಿಕ್ ಎಂದು ತಾಳ ಹಾಕಿದ ಹಾಗೆ ಬಡಿದುಕೊಂಡರೆ, ಅಥವಾ ಕೆರೆಯುವ ಶಬ್ದ ಬಂದರೆ ಆ ಕ್ಷಣವೇ ಆರಿಸಿ. ಒಳಗಿನ ಓದುಮುಳ್ಳು ತಟ್ಟೆಯ ಮೇಲೆ ತನ್ನ ಜಾಗ ಹುಡುಕಲಾಗದೆ ಒದ್ದಾಡುತ್ತಿದೆ. ಇನ್ನೊಂದು ಸಲ, ಮತ್ತೊಂದು ಸಲ ಎಂದು ಚಾಲೂ ಮಾಡಿದಷ್ಟೂ ಉಳಿದದ್ದೂ ಕೆರೆದುಹೋಗುತ್ತದೆ. ಅದು ಡೇಟಾ ರಿಕವರಿಯವರ ಕೈಗೇ ಹೋಗಬೇಕು. ಸುಮ್ಮನಿರುವ ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಏಳುತ್ತದೆ ಎಂದು ಯಾರೋ ಹೇಳುತ್ತಾರೆ. ನಮ್ಮ ಊರಿನ ಹವೆಗೆ ಫ್ರಿಜ್ಜಿನಿಂದ ತೆಗೆದ ಲೋಹದ ಮೇಲೆ ನೀರು ಕೂರಲು ಎಷ್ಟು ಹೊತ್ತು ಬೇಕು? ದಯವಿಟ್ಟು ಆ ಪ್ರಯೋಗ ಬೇಡ.

ಇದರ ತಿರುಗುಮುರುಗಾದ ಕತೆಯೂ ಉಂಟು. ಎರಡು ಡಿಸ್ಕ್ ಜೋಡಿಸಿಟ್ಟೇ ಹೊಸ ವಿಂಡೋಸ್ ಹಾಕಿದರೆ, ವಿಂಡೋಸ್ ಒಂದು ಡಿಸ್ಕಿನಲ್ಲಿ, ಅದನ್ನು ಎಬ್ಬಿಸುವ ಬೂಟ್ ಭಾಗ ಇನ್ನೊಂದರಲ್ಲಿ ಕೂತುಬಿಡಬಹುದು. ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಹಳೆಯ ಡಿಸ್ಕನ್ನು ತೆಗೆದ ದಿನ ಕಂಪ್ಯೂಟರ್ ಏಳುವುದಿಲ್ಲ. ಆದ್ದರಿಂದ ವಿಂಡೋಸ್ ಹಾಕುವಾಗ ಒಂದೇ ಡಿಸ್ಕ್ ಇರಲಿ, ಉಳಿದವು ಆಮೇಲೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತ ಮೇಲೆ ಎಲ್ಲ ಕಡೆ ಕಂಪ್ಯೂಟರ್ ಬದಲಾಯಿಸುವ ಭರಾಟೆ ನಡೆದಿದೆ. ಹೊಸ ಕಂಪ್ಯೂಟರುಗಳಲ್ಲಿ ಐಡಿಇ ಸಾಕೆಟ್ ಇಲ್ಲವೇ ಇಲ್ಲ. ಹಳೆಯ ಡಿಸ್ಕಿನ ಪಾಲಿಗೆ ಇದು ಕೊನೆಯ ಸುತ್ತು ಎಂಬ ಎಚ್ಚರ ನಮಗಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಸಲಹೆ ಹೇಳಿಬಿಡುತ್ತೇನೆ. ಎರಡನೇ ಡಿಸ್ಕನ್ನು ಪೆಟ್ಟಿಗೆಯೊಳಗೆ ಜೋಡಿಸಲೇ ಹೋಗಬೇಡಿ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ. ಫಲಕದಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದಿದ್ದರೂ ಬಾಯಲ್ಲಿ ಎಲ್ಲರಿಗೂ ಲ್ಯಾಮಿಂಗ್ಟನ್ ರೋಡೇ. ಅಲ್ಲಿ ಐಡಿಇ ಮತ್ತು ಸಾಟಾ ಎರಡಕ್ಕೂ ಆಗುವ ಯುಎಸ್‌ಬಿ ಕನ್ವರ್ಟರ್ ಕೇಳಿ. ಜೊತೆಗೆ 12 ವೋಲ್ಟಿನ ಅಡಾಪ್ಟರ್ ಇದೆಯೇ ಎಂದು ನೋಡಿಕೊಳ್ಳಿ, ಮೂರೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಲುವುದಿಲ್ಲ. ಕಂಪ್ಯೂಟರ್ ಪೂರ್ತಿ ಎದ್ದು, ವಿಂಡೋಸ್ ಬಂದು ಕೂತ ಮೇಲೆ ಪೆನ್ ಡ್ರೈವ್ ಹಾಕುವಂತೆ ಹಾಕಿದರೆ ಸರದಿಯ ಜಗಳವೂ ಇಲ್ಲ, ಎಸ್‌ಎಂಪಿಎಸ್ ಭಾರವೂ ಇಲ್ಲ.

ಡಿಸ್ಕ್ ಕಂಡ ಕೂಡಲೇ ವಿಂಡೋಸ್ ಕೆಲವೊಮ್ಮೆ ‘ಫಾರ್ಮ್ಯಾಟ್ ಮಾಡಲೇ?’, ‘ಇನಿಶಿಯಲೈಸ್ ಮಾಡಲೇ?’ ಎಂದು ವಿನಯದಿಂದ ಕೇಳುತ್ತದೆ. ಎರಡಕ್ಕೂ ಬೇಡ ಎನ್ನಿ. ಪೆಟ್ಟಿಗೆಯೊಳಗೇ ಹಾಕಿದ್ದರೆ ಚೆಕ್‌ಡಿಸ್ಕ್ ತಾನಾಗಿ ಓಡತೊಡಗಬಹುದು. ಅದು ಶುರುವಾಗುವ ಮುನ್ನ ಯಾವುದಾದರೂ ಕೀ ಒತ್ತಿ ತಪ್ಪಿಸಲು ಕೆಲವು ಸೆಕೆಂಡು ಅವಕಾಶ ಕೊಡುತ್ತದೆ, ಬಳಸಿಕೊಳ್ಳಿ. ದುರಸ್ತಿಯ ಹೆಸರಿನಲ್ಲಿ ಅದು ಬರೆಯುತ್ತದೆ, ಅಳಿಸುತ್ತದೆ. ದುರಸ್ತಿ ಆಮೇಲಿನ ಮಾತು, ನಕಲು ಮೊದಲು. ವಿಂಡೋಸ್‌ಗೆ ಓದಲಾಗದಿದ್ದರೆ ಪೆನ್ ಡ್ರೈವಿನಿಂದ ಏಳುವ ಲಿನಕ್ಸ್‌ನಲ್ಲಿ ಪ್ರಯತ್ನಿಸಬಹುದು. ಅದರಲ್ಲಿ ಬಳಸಬಹುದಾದ ಡಿಡಿರೆಸ್ಕ್ಯೂ ಎಂಬ ಉಚಿತ ಪ್ರೋಗ್ರಾಂ ಇದೆ. ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ಮೊದಲು ಎತ್ತಿಟ್ಟು, ಹಟಮಾರಿ ಭಾಗಗಳಿಗೆ ಕೊನೆಯಲ್ಲಿ ಕೈಹಾಕುವುದು ಅದರ ಜಾಣತನ.

ನಕಲು ಮಾಡುವಾಗ ಕನ್ನಡದವರಾದ ನಾವು ಮರೆಯಲೇಬಾರದ ಒಂದು ಸಂಗತಿ ಇದೆ. ನಮ್ಮ ಹಳೆಯ ಸಂಚಿಕೆಗಳು ಪೇಜ್‌ಮೇಕರಿನಲ್ಲಿ ಕಟ್ಟಿದವು. ಅಕ್ಷರ ಶ್ರೀಲಿಪಿ, ಆಕೃತಿ, ಪ್ರಕಾಶಕ್, ಬರಹ, ನುಡಿ ಹೀಗೆ ಯಾವುದೋ ಒಂದರದು. ಅವು ಯುನಿಕೋಡ್ ಬಳಕೆಗೆ ಬರುವ ಮುಂಚಿನ ಏರ್ಪಾಟು. ಫೈಲಿನೊಳಗೆ ಕೂತಿರುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತ. ಅದಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ಆ ಫಾಂಟ್ ಇಲ್ಲದೆ ಫೈಲ್ ತೆರೆದರೆ ಸಂಪಾದಕೀಯವಿದ್ದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ‘ಫೈಲೆಲ್ಲ ಕರಪ್ಟ್ ಆಗಿದೆ’ ಎಂದು ಡಿಲೀಟ್ ಮಾಡುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ರಾಶಿಯಲ್ಲಿ ಒಂದಕ್ಷರವೂ ಕೆಟ್ಟಿರುವುದಿಲ್ಲ. ಆದ್ದರಿಂದ ಡಾಕ್ಯುಮೆಂಟ್ಸ್ ಫೋಲ್ಡರ್ ಒಂದನ್ನೇ ನಕಲು ಮಾಡಿ ಎದ್ದುಬಿಡಬೇಡಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ತನ್ನಿ. ಪೇಜ್‌ಮೇಕರ್ ಫೈಲು ತೆರೆಯುವ ಒಂದು ಹಳೆಯ ಕಂಪ್ಯೂಟರಾದರೂ ಯಾವುದೋ ಸಂಘದಲ್ಲಿ ಉಳಿದಿರಲಿ. ಅಲ್ಲಿ ತೆರೆದು ಪಿಡಿಎಫ್ ಮಾಡಿದರೆ ಪುಟ ಅಚ್ಚಾದಂತೆಯೇ ಉಳಿಯುತ್ತದೆ. ಲೇಖನಗಳನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳೂ ಇವೆ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುತ್ತದೆ, ಕನ್ನಡ ಬಲ್ಲವರು ಕೂತು ತಿದ್ದಬೇಕು. ನಿವೃತ್ತರಾದ ನಮ್ಮ ಶಿಕ್ಷಕ ಶಿಕ್ಷಕಿಯರನ್ನು ಕೇಳಿ ನೋಡಿ, ಎಷ್ಟು ಪ್ರೀತಿಯಿಂದ ಮಾಡುತ್ತಾರೆ ಎಂದು ನಿಮಗೇ ತಿಳಿಯುತ್ತದೆ.

ಖರ್ಚಿನ ಮಾತು ಬಂದೇ ಬರುತ್ತದೆ. ಹಳೆಯ 40 ಜಿಬಿ ಡಿಸ್ಕಿನಲ್ಲಿರುವುದೆಲ್ಲ ಇವತ್ತಿನ 64 ಜಿಬಿ ಪೆನ್ ಡ್ರೈವಿನೊಳಗೆ ಹಿಡಿಸಿ ಜಾಗ ಉಳಿಯುತ್ತದೆ. ಒಂದು ಕಾರ್ಯಕ್ರಮದ ಹೂಹಾರ, ಶಾಲುಗಳಿಗೆ ಆಗುವುದಕ್ಕಿಂತ ಕಡಿಮೆ ಹಣದಲ್ಲಿ ಇಡೀ ಸಂಘದ ಕಡತ ಉಳಿಯುತ್ತದೆ. ಆದರೆ ನಕಲು ಎರಡಿರಲಿ, ಎರಡು ಬೇರೆ ಬೇರೆ ಜಾಗದಲ್ಲಿರಲಿ. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಮಿಠಿ ನದಿ ಉಕ್ಕಿ ಕುರ್ಲಾ, ಕಲೀನಾದ ನೆಲಮಹಡಿಗಳೆಲ್ಲ ಮುಳುಗಿದ್ದನ್ನು ನಾವು ಮರೆತಿಲ್ಲ. ಸಂಘದ ಕಚೇರಿ ನೆಲಮಹಡಿಯಲ್ಲಿದ್ದರೆ ಒಂದು ನಕಲು ಮುಲುಂಡಿನಲ್ಲೋ ಬೊರಿವಲಿಯಲ್ಲೋ ಮೇಲಂತಸ್ತಿನಲ್ಲಿರುವ ಸದಸ್ಯರ ಮನೆಯಲ್ಲಿರಲಿ. ಹಾರ್ಡ್ ಡಿಸ್ಕ್ ಪೂರ್ತಿ ಮುಚ್ಚಿದ ಡಬ್ಬಿ ಎಂಬ ನಂಬಿಕೆಯೂ ಸರಿಯಲ್ಲ. ಒಳಹೊರಗಿನ ಗಾಳಿಯ ಒತ್ತಡ ಸರಿದೂಗಲು ಸಾಮಾನ್ಯ ಡಿಸ್ಕುಗಳಿಗೆ ಒಂದು ಸಣ್ಣ ತೂತು ಇರುತ್ತದೆ, ಮುಚ್ಚಬೇಡಿ ಎಂದು ಅದರ ಪಕ್ಕದಲ್ಲೇ ಬರೆದಿರುತ್ತದೆ. ನೀರು ಹೊಕ್ಕ ಡಿಸ್ಕನ್ನು ಒಣಗಿಸಿ ಚಾಲೂ ಮಾಡಲು ಹೋಗಬೇಡಿ, ಹಾಗೆಯೇ ತಜ್ಞರಿಗೆ ಒಪ್ಪಿಸಿ.

ಇನ್ನೊಂದು ಕಾರಣಕ್ಕೂ ಡಿಸ್ಕ್ ಭಂಗಾರ್‌ವಾಲನ ಕೈಸೇರಬಾರದು. ಅದರಲ್ಲಿ ಸದಸ್ಯರ ವಿಳಾಸ, ಫೋನು, ವಿದ್ಯಾರ್ಥಿವೇತನ ಕೇಳಿದ ಮಕ್ಕಳ ಮನೆಯ ಆದಾಯ, ವೈದ್ಯಕೀಯ ನೆರವು ಕೋರಿದವರ ಕಾಯಿಲೆಯ ವಿವರ ಇರುತ್ತದೆ. ನಮ್ಮನ್ನು ನಂಬಿ ಕೊಟ್ಟ ಮಾಹಿತಿ ಅದು. ಕಂಪ್ಯೂಟರಿಗೆ ಓದಲಾಗಲಿಲ್ಲವೆಂದರೆ ಬೇರೆ ಯಾರಿಗೂ ಓದಲಾಗದು ಎಂದರ್ಥವಲ್ಲ ಎಂಬುದನ್ನು ಇಷ್ಟು ಹೊತ್ತು ಹೇಳಿದ್ದೇನೆ.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯ ವಿಷಯಪಟ್ಟಿಯಲ್ಲಿ ‘ಹಳೆಯ ಹಾರ್ಡ್ ಡಿಸ್ಕುಗಳು’ ಎಂದು ಒಂದು ಸಾಲು ಸೇರಿಸಿ. ಕಪಾಟು, ಮಾಳಿಗೆ, ಮಾಜಿ ಸಂಪಾದಕರ ಮನೆ ಎಲ್ಲ ಕಡೆ ಹುಡುಕಿಸಿ. ಸಿಕ್ಕಿದ ಪ್ರತಿಯೊಂದರ ಮೇಲೂ ಯಾವ ಕಂಪ್ಯೂಟರಿನದು, ಯಾವ ವರ್ಷದವರೆಗಿನ ಸಂಚಿಕೆ, ಕಳಚಿದವರು ಯಾರು ಎಂದು ಚೀಟಿ ಅಂಟಿಸಿ. ಜವಾಬ್ದಾರಿ ಒಬ್ಬರಿಗೆ ಹೆಸರು ಹಿಡಿದು ಕೊಡಿ, ಪದಾಧಿಕಾರಿಗಳು ಬದಲಾದಾಗ ಲೆಕ್ಕಪತ್ರದ ಜೊತೆ ಡಿಸ್ಕುಗಳೂ ಕೈಬದಲಾಗಲಿ. ‘ಹೋಗಿದೆ’ ಎಂದು ಯಾರಾದರೂ ಹೇಳಿದರೆ ಯಾವುದು ಹೋಗಿದೆ, ಏನು ಮಾಡಿ ನೋಡಿದಿರಿ, ಎರಡನೆಯದನ್ನು ತೆಗೆದ ಮೇಲೆ ಮೊದಲನೆಯದು ಎದ್ದಿತೇ ಎಂದು ಕೇಳಿ. ಉತ್ತರ ಸಮಾಧಾನ ಕೊಡದಿದ್ದರೆ ನಿಮ್ಮ ಪತ್ರಿಕೆಗೆ ಪುಟ ಕಟ್ಟುವವರಿಗೆ ಒಂದು ಫೋನ್ ಮಾಡಿ. ಚಿಮುಟ, ಸ್ಕ್ರೂ ಡ್ರೈವರ್, ಕನ್ವರ್ಟರ್ ಹಿಡಿದು ಭಾನುವಾರ ಬರುತ್ತೇವೆ, ಲೋಕಲ್ ರೈಲಿನ ಮೆಗಾಬ್ಲಾಕ್ ಇದ್ದರೂ ಬರುತ್ತೇವೆ.

ಇತಿ,
ನಿಮ್ಮ ಪತ್ರಿಕೆಗಳ ಪುಟ ಕಟ್ಟುವವರಲ್ಲೊಬ್ಬ
ಡೊಂಬಿವಲಿ ಪೂರ್ವ